ದೇವರಿಗೆ ಬಿಟ್ಟ ಮಾತ್ರೆ

ಪಾಪಯ್ಯ ಬಲಗೈಯನ್ನು ಬೋಗುಣಿಯಂತೆ ಮಡಿಸಿ, ಎಡಗೈಯನ್ನು ಅದರ ಕೆಳಗೆ ಆನಿಸಿ, ಮುಂದಕ್ಕೆ ಚಾಚಿ ನಿಂತ. ಮಾತ್ರೆಗೆ ಯಾರೂ ಹಾಗೆ ಕೈಯೊಡ್ಡುವುದಿಲ್ಲ. ಅದು ತೀರ್ಥಕ್ಕೆ ಒಡ್ಡುವ ಕೈ. ಕುಲುಮೆಯ ಶೆಡ್ಡಿನಲ್ಲಿ ಕಾದ ಕಬ್ಬಿಣದ ಮುಂದೆ ವರ್ಷಗಟ್ಟಲೆ ನಿಂತು ಅವನ ಬೆರಳ ತುದಿಗಳು ಒಲೆಬಾಯಿಯ ಬಣ್ಣಕ್ಕೆ ತಿರುಗಿದ್ದವು. ಆ ಅಂಗೈಯ ಗುಳಿಯಲ್ಲಿ ಎರಡು ಆಸ್ಪಿರಿನ್ ಇಡುವುದಷ್ಟೇ ಭಾನುಮತಿಯ ಕೆಲಸ. ಪೀಣ್ಯದ ಈ ಕಾರ್ಖಾನೆಯ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ನರ್ಸಾಗಿ ಕುಳಿತು ಇಂಥ ಎಷ್ಟು ಕೈಗಳನ್ನು ಅವಳು ಕಂಡಿಲ್ಲ. ಆದರೂ ಇವತ್ತು ಮಾತ್ರೆಯನ್ನು ಬೆರಳಲ್ಲೇ ಹಿಡಿದುಕೊಂಡು ನಿಂತಳು. ತಿಂಡಿ ಆಯಿತೇ ಎಂದು ವಾಡಿಕೆಯಂತೆ ಕೇಳಿದಳು. ಶನಿವಾರವಲ್ಲವೇ, ಆಂಜನೇಯನ ಹೆಸರಲ್ಲಿ ಒಪ್ಪೊತ್ತು, ಸಂಜೆಯ ತನಕ ಏನೂ ಮುಟ್ಟುವುದಿಲ್ಲ ಎಂದ. ಹಾಗಾದರೆ ಕೊಡುವುದಿಲ್ಲ, ಬರಿಹೊಟ್ಟೆಗೆ ಬಿದ್ದರೆ ಇದು ಹೊಟ್ಟೆಯ ಗೋಡೆಯನ್ನೇ ಕೊರೆಯುತ್ತದೆ ಎಂದು ಅವಳು ಮಾತ್ರೆಯನ್ನು ಮತ್ತೆ ಶೀಶೆಗೆ ಹಾಕಿದಳು.

"ಸೊಂಟನೋವು ಶನಿವಾರ ರಜಾ ತಗೊಳಲ್ವಲ್ಲ ಸಿಸ್ಟರ್," ಎಂದು ಪಾಪಯ್ಯ ನಕ್ಕ. ಅವಳು ಕೊಟ್ಟ ಮುಲಾಮಿನ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡು, "ನಿಮ್ ಕೈಯಿಂದ ಮಣ್ಣು ಕೊಟ್ರೂ ವಾಸಿಯಾಗ್ತದೆ ಬಿಡಿ. ನಮ್ ಬೀದಿ ಪಿಳ್ಳಮ್ಮನ್ನ ಎಬ್ಬಿಸಿ ಓಡಾಡ್ಸಿದ ಕೈಯಲ್ವಾ ಅದು," ಎಂದು ಹೇಳಿ ಹೊರಟುಹೋದ.

ಅವನು ಹೋದ ಮೇಲೆ ಭಾನುಮತಿ ನಲ್ಲಿಯ ಕೆಳಗೆ ಆ ಕೈಯನ್ನು ಹಿಡಿದಳು. ನೀರು ತಣ್ಣಗಿತ್ತು. ಬೆಳಿಗ್ಗೆ ಅವಳು ಮುಂಬಾಗಿಲಿನಿಂದ ಹೊರಟಿರಲಿಲ್ಲ. ಮುಂಬಾಗಿಲಿನಿಂದ ಹೊರಟರೆ ಪಿಳ್ಳಮ್ಮನ ಜಗಲಿಯನ್ನು ದಾಟಬೇಕಾಗುತ್ತದೆಂದು, ಬಚ್ಚಲಿನ ಹಿಂದಿನ ಸಂದಿಯಲ್ಲಿ, ಯಾರದೋ ಮನೆಯ ಕಳ್ಳಬೆಕ್ಕಿನಂತೆ ಸೀರೆಯ ನೆರಿಗೆ ಎತ್ತಿ ಹಿಡಿದು ನುಸುಳಿ ಬಂದಿದ್ದಳು. ಗೋಡೆಯ ಆಚೆಯಿಂದ ಪಿಳ್ಳಮ್ಮನ ಓಕರಿಕೆಯ ಸದ್ದು ಬಂದಿತ್ತು. ಬರಿಹೊಟ್ಟೆಯ ಓಕರಿಕೆ, ಒಳಗೆ ಏನೂ ಇಲ್ಲದಿದ್ದರೂ ಹೊಟ್ಟೆ ತನ್ನನ್ನು ತಾನೇ ಹಿಂಡಿಕೊಳ್ಳುವ ಸದ್ದು. ಅವಳು ಒಂದು ಗಳಿಗೆ ನಿಂತು, ಬಸ್ಸು ತಪ್ಪುತ್ತದೆ ಎಂದುಕೊಂಡು ಹೆಜ್ಜೆ ಹಾಕಿದ್ದಳು. ಬಸ್ಸು ತಪ್ಪುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳಿಗೆ ಎಲ್ಲವೂ ಗೊತ್ತಿತ್ತು, ಅದೇ ತೊಡಕು.

ಪಿಳ್ಳಮ್ಮ ಅವಳ ಮನೆಯೊಡತಿ. ಈಗ ಕಾರ್ಖಾನೆಗಳು ನಿಂತಿರುವ ಕಡೆ ಆ ಮನೆಯವರು ರಾಗಿ ಬೆಳೆಯುತ್ತಿದ್ದರು. ಹೊಲ ಹೋದ ಮೇಲೆ ಉಳಿದ ತುಂಡಿನಲ್ಲಿ, ರಾಜಗೋಪಾಲನಗರದ ಅಂಚಿಗೆ, ಸಾಲುಮನೆ ಕಟ್ಟಿ ಕೆಲಸಗಾರರಿಗೆ ಬಾಡಿಗೆಗೆ ಕೊಟ್ಟಿದ್ದರು. ಭಾನುಮತಿ ಹೊಸದಾಗಿ ಬಂದಾಗ ಪಿಳ್ಳಮ್ಮ ಜಗಲಿಯ ಮೇಲೆ, ಮಡಿಲಲ್ಲಿ ಕೈಗಳನ್ನು ಇಟ್ಟುಕೊಂಡು, ಅವು ತನ್ನವಲ್ಲ, ಯಾರೋ ಕೊಟ್ಟುಹೋದವು ಎಂಬಂತೆ ನೋಡುತ್ತ ಕುಳಿತಿರುತ್ತಿದ್ದಳು. ಗೆಣ್ಣುಗಳು ಹಸಿಶುಂಠಿಯಂತೆ ಊದಿದ್ದವು. ಬೆಳಗಿನ ಹೊತ್ತು ಸೆರಗಿನ ಗಂಟು ಬಿಚ್ಚಲೂ ಆಗುತ್ತಿರಲಿಲ್ಲ. ಭಾನುಮತಿಯೇ ಅವಳನ್ನು ಪೇಟೆಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿಯ ಡಾಕ್ಟರು ಪ್ರೆಡ್ನಿಸೋಲೋನ್ ಬರೆದುಕೊಟ್ಟು, ಸ್ವಲ್ಪ ದಿನ ನುಂಗಲಿ, ಆಮೇಲೆ ತಪ್ಪದೆ ಕರೆತನ್ನಿ ಎಂದರು. ಸಣ್ಣ ಬಿಳಿ ಮಾತ್ರೆ. ಪಿಳ್ಳಮ್ಮನಿಗೆ ಮಾತ್ರೆ ನುಂಗಿ ಗೊತ್ತಿಲ್ಲ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆಂದು ಎಲೆ ಅಡಿಕೆಯಂತೆ ಅಗಿದು, ಮುಖ ಕಿವುಚಿ, ಮೇಲೆ ನೀರು ಕುಡಿಯುತ್ತಿದ್ದಳು. ವಾರ ಕಳೆಯುವುದರೊಳಗೆ ಆ ಕೈಗಳು ಮತ್ತೆ ಅವಳವಾದವು. ಮುದ್ದೆ ಕಟ್ಟಿದಳು. ಅವರೆಯ ಕಾಲದಲ್ಲಿ ನೆನೆಸಿದ ಕಾಳನ್ನು ಎರಡು ಬೆರಳ ನಡುವೆ ಹಿತುಕಿ ಹಿತುಕಿ ಮೊರದ ತುಂಬ ರಾಶಿ ಹಾಕಿದಳು. ನರ್ಸಮ್ಮನ ಕೈಗುಣ ಎಂದು ಬೀದಿಯವರೆಲ್ಲ ಆಡಿಕೊಂಡರು. ಕೈಗುಣವೆಂಬ ಮಾತು ಎಷ್ಟು ಸಿಹಿ. ಅದನ್ನು ಕೇಳಿದ ದಿನ ಭಾನುಮತಿ ದೀಪ ಹಚ್ಚುವಾಗ ಹೆಚ್ಚು ಹೊತ್ತು ಕಣ್ಣು ಮುಚ್ಚಿ ನಿಂತಿದ್ದಳು. ದೇವರಿಗೆ ಕೈಮುಗಿಯುತ್ತಿದ್ದಾಳೋ ತನ್ನ ಕೈಗೇ ಮುಗಿಯುತ್ತಿದ್ದಾಳೋ ಅವಳಿಗೂ ತಿಳಿಯಲಿಲ್ಲ. ಮತ್ತೆ ದೊಡ್ಡಾಸ್ಪತ್ರೆಗೆ ಹೋಗಲಿಲ್ಲ. ಒಂದು ದಿನ ಷಿಫ್ಟು, ಇನ್ನೊಂದು ದಿನ ಅಮಾವಾಸ್ಯೆ. ಹಳೆಯ ಚೀಟಿಯನ್ನೇ ಜಾಲಹಳ್ಳಿ ಕ್ರಾಸಿನ ಔಷಧದಂಗಡಿಯಲ್ಲಿ ತೋರಿಸಿ, ಅಂಗಡಿಯವನು ನರ್ಸಿನ ಬಿಳಿ ಸೀರೆ ಕಂಡು ಬೇರೇನೂ ಕೇಳದೆ ಕೊಟ್ಟದ್ದನ್ನು ತಂದುಕೊಟ್ಟಳು. ವರ್ಷ ತಿರುಗಿತು. ಪಿಳ್ಳಮ್ಮನ ಮುಖ ಹುಣ್ಣಿಮೆಯ ಚಂದ್ರನ ಹಾಗೆ ದುಂಡಗಾಯಿತು. ಕೆಂಪು ಕೆಂಪಾಗಿ ಎಷ್ಟು ಮೈದುಂಬಿಕೊಂಡವಳೆ ನೋಡು ಎಂದು ಹೆಂಗಸರು ಮೆಚ್ಚಿ ದೃಷ್ಟಿ ತೆಗೆದರು. ಅದು ಮೈದುಂಬಿದ್ದಲ್ಲವೆಂದು, ಮಾತ್ರೆ ಒಳಗಿನಿಂದ ಮಾಡುತ್ತಿರುವ ಬಾವೆಂದು ಆ ಬೀದಿಯಲ್ಲಿ ಗೊತ್ತಿದ್ದವಳು ಒಬ್ಬಳೇ. ಬಳೆ ತಾಗಿದರೂ ಮುಂಗೈಯಲ್ಲಿ ಮೂಡುವ ನೀಲಿ ಕಲೆಗಳನ್ನು ಕಂಡಾಗಲೆಲ್ಲ ಅವಳು ಕಣ್ಣನ್ನು ಬೇರೆ ಕಡೆ ಹೊರಳಿಸುತ್ತಿದ್ದಳು.

ತರಬೇತಿಯ ಕಾಲದಲ್ಲಿ ಟ್ಯೂಟರ್ ಮರಿಯಮ್ಮ ಸಿಸ್ಟರು ನೋವಿನ ಔಷಧಗಳ ಪಾಠ ಮಾಡುವಾಗ ಒಂದೊಂದು ಔಷಧಕ್ಕೂ ಒಂದೊಂದು ಸ್ವಭಾವ ಹೇಳುತ್ತಿದ್ದರು. ಆಸ್ಪಿರಿನ್ ಉಂಡವರ ಮನೆಯ ನೆಂಟ, ಹಸಿದವರ ಮನೆಗೆ ಹೋದರೆ ಜಗಳ. ಮಾರ್ಫಿನ್ ಕೊಡುವ ಮೊದಲು ರೋಗಿಯ ಎದೆ ಏರಿಳಿಯುವುದನ್ನು ನಿಂತು ನೋಡಿ. ನೋವಿನ ಜೊತೆ ಉಸಿರನ್ನೂ ಅದು ಮಲಗಿಸಬಲ್ಲದು. ಪ್ರೆಡ್ನಿಸೋಲೋನಿನಂಥ ಸ್ಟೆರಾಯ್ಡಿನ ಹತ್ತಿರ ಬಂದಾಗ ಆಕೆ ಸೀಮೆಸುಣ್ಣ ಕೆಳಗಿಡುತ್ತಿದ್ದರು. ಇದು ಮನೆಗೆ ಇಟ್ಟುಕೊಂಡ ಆಳು. ಎಲ್ಲ ಕೆಲಸವನ್ನೂ ಚೆನ್ನಾಗಿ ಮಾಡುತ್ತದೆ. ಆಳು ಇದ್ದಷ್ಟು ದಿನ ಮನೆಯೊಡತಿ, ಅಂದರೆ ಮೈಯೊಳಗಿನ ಗ್ರಂಥಿ, ಏಳುವುದಿಲ್ಲ, ಅವಳ ಕೈಕಾಲು ಜಡ್ಡುಗಟ್ಟುತ್ತವೆ. ಒಂದು ದಿನ ನೀವು ಆಳನ್ನು ಓಡಿಸಿಬಿಟ್ಟರೆ ಅವತ್ತು ಮನೆಯಲ್ಲಿ ಒಲೆ ಹತ್ತುವುದಿಲ್ಲ. ಅದಕ್ಕೇ ಸ್ವಲ್ಪ ಸ್ವಲ್ಪವಾಗಿ ಕೆಲಸ ತಪ್ಪಿಸಬೇಕು, ಒಡತಿ ಎದ್ದು ನಿಲ್ಲುವ ತನಕ ಕಾಯಬೇಕು. ಹುಡುಗಿಯರು ನಕ್ಕಿದ್ದರು. ಭಾನುಮತಿಯೂ ನಕ್ಕಿದ್ದಳು. ಮರೆತಿರಲಿಲ್ಲ.

ಆ ದಿನವೂ ಮರೆತಿರಲಿಲ್ಲ. ಜಗಲಿಯ ಮೇಲೆ ಬಿಸಿಲು ಅರ್ಧ ಬಿದ್ದಿತ್ತು. ಪಿಳ್ಳಮ್ಮ ಅವರೆಕಾಳು ಹಿತುಕುತ್ತಿದ್ದಳು. ಒಳಗೆ ಸೊಸೆ ಸೀತಾ ಒರಗಿದ್ದಳು. ಹಿಂದೆ ಎರಡು ಸಲ ನಿಲ್ಲದ ಬಸಿರು ಈಗ ಮೂರನೆಯದಾಗಿ ನಿಂತು, ಉಸಿರು ಬಿಗಿಹಿಡಿದ ಹಾಗೆ ಮನೆಯೆಲ್ಲ ಮೆಲ್ಲಗೆ ನಡೆಯುತ್ತಿತ್ತು. ಆ ಕಡೆಯಲ್ಲಿ ಕಾಶಿಗೆ ಹೋದವರು ಇಷ್ಟದ ಹಣ್ಣನ್ನೋ ಕಾಯಿಯನ್ನೋ ಬಿಟ್ಟು ಬರುತ್ತಾರೆ, ಹೋಗಲಾರದವರು ಊರ ದೇವರ ಮುಂದೆ ಬಿಡುತ್ತಾರೆ. ಪಿಳ್ಳಮ್ಮನ ಅತ್ತೆ, ತನ್ನ ಮೊಮ್ಮಗ, ಪಿಳ್ಳಮ್ಮನ ಮಗ ಗೋಪಾಲಪ್ಪ, ಬದುಕಿದರೆ ಸಾಕೆಂದು ಊರ ದೇವತೆ ಮುತ್ಯಾಲಮ್ಮನ ಮುಂದೆ ಹಲಸಿನ ಹಣ್ಣು ಬಿಟ್ಟವಳು, ಸಾಯುವ ತನಕ ಹಲಸು ಕೊಯ್ದ ಮನೆಯ ಮುಂದೆ ಮೂಗು ಮುಚ್ಚಿಕೊಂಡು ನಡೆದಳಂತೆ. ಬಿಟ್ಟದ್ದರ ಹೆಸರನ್ನೂ ಬಾಯಲ್ಲಿ ತರುವ ಹಾಗಿಲ್ಲ. ಹೆಸರು ಹೇಳಿದರೆ ಅರ್ಧ ತಿಂದಂತೆ. ಪಿಳ್ಳಮ್ಮ ಕಾಳಿನಿಂದ ಕಣ್ಣೆತ್ತದೆ ಕೇಳಿದಳು:

"ನರ್ಸಮ್ಮ, ನಂಗೆ ಹಣ್ಣು ಹಂಪಲು ಯಾವ್ದ್ರ ಮ್ಯಾಲೂ ಆಸೆ ಇಲ್ಲ. ಬುಡಂಗಿದ್ರೆ ಇಷ್ಟವಾದ್ದು ಬುಡಬೇಕು. ನನ್ ಸುಖ ಎಲ್ಲಾ ಆ ಮಾತ್ರೆಯಾಗೈತೆ. ಅದನ್ನೇ ತಾಯಿಗೆ ಬುಟ್ಟು, ಈ ಕೂಸು ಒಂದು ಉಳಿಸ್ಕೊಡವ್ವ ಅಂತ ಕೇಳ್ಕಂತೀನಿ. ಬುಡ್ಲಾ, ಬ್ಯಾಡ್ವಾ? ನೀನು ಓದ್ದೋಳು, ನೀನೇಳು."

ಆಗ ಭಾನುಮತಿಯ ಒಳಗೆ ಏನಾಯಿತು? ಈಗ ನಲ್ಲಿಯ ಮುಂದೆ ನಿಂತು ಅದನ್ನು ಹುಡುಕಿದರೆ ಸಿಗುವುದು ಭಯವೂ ಅಲ್ಲ, ಭಕ್ತಿಯೂ ಅಲ್ಲ, ಒಂದು ಹಗುರ. ಇನ್ನು ಅಂಗಡಿಗೆ ಹಳೆಯ ಚೀಟಿ ಹಿಡಿದು ಹೋಗಬೇಕಾಗಿಲ್ಲ. ಆ ದುಂಡುಮುಖ ಇನ್ನು ನಿಧಾನವಾಗಿ ಇಳಿಯುತ್ತದೆ, ತಾನು ಮಾಡಿದ್ದು ಅದರ ಜೊತೆಗೇ ಅಳಿಸಿಹೋಗುತ್ತದೆ. ಅದೂ ದೇವರ ಹೆಸರಲ್ಲಿ. ಒಮ್ಮೆಗೇ ಬಿಡಬೇಡಿ ದೊಡ್ಡಮ್ಮ, ಅರ್ಧ ಮಾಡಿ, ಕಾಲು ಮಾಡಿ, ಎನ್ನುವ ಮಾತು ನಾಲಿಗೆಯ ತನಕ ಬಂದಿತ್ತು. ಆದರೆ ದೇವರಿಗೆ ಅರ್ಧ ಬಿಡುತ್ತಾರೆಯೇ? ಮಾಗಡಿಯ ಕಡೆಯ ಹಳ್ಳಿಯಲ್ಲಿ ಗುಡಿಯ ಪೂಜೆ ಮಾಡಿಕೊಂಡಿದ್ದ ಅವಳ ಅಪ್ಪ, ಕೊಟ್ಟದ್ದನ್ನು ಅಳೆಯಬಾರದು ಎನ್ನುತ್ತಿದ್ದರು. ಅಪ್ಪನ ಆ ಮಾತಿನ ಹಿಂದೆ ಅವಳು ಅಡಗಿ ಕುಳಿತಳು. "ಬಿಡಿ ದೊಡ್ಡಮ್ಮ," ಎಂದಳು. "ಒಳ್ಳೇದೇ." ಮುದುಕಿಯ ಬೆರಳ ನಡುವಿನಿಂದ ಕಾಳೊಂದು ಸಿಪ್ಪೆ ಬಿಟ್ಟು ಜಾರಿ ಮೊರಕ್ಕೆ ಬಿತ್ತು.

ಚಿಕಿತ್ಸೆಯ ಕೋಣೆಯ ಬಾಗಿಲಲ್ಲಿ ನೆರಳು ಕಂಡು ಅವಳು ನಲ್ಲಿ ನಿಲ್ಲಿಸಿ ತಿರುಗಿದಳು. ಕಾವಲುಗಾರನ ಜೊತೆ ಗೋಪಾಲಪ್ಪ ನಿಂತಿದ್ದ. ಪಕ್ಕದ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವವನು, ಕೈಗೆಲ್ಲ ಎಣ್ಣೆ. ಅವ್ವ ಬಚ್ಚಲಿಗೆ ಹೋದವಳು ಅಲ್ಲೇ ಬಿದ್ದುಬಿಟ್ಟಳೆಂದು, ಕರೆದರೆ ಕಣ್ಣು ಬಿಡುತ್ತಾಳೆ, ಮತ್ತೆ ಮುಚ್ಚುತ್ತಾಳೆಂದು ಹೇಳಿದ. ಕೆಲವು ದಿನದಿಂದ ಅನ್ನ ಸೇರುತ್ತಿರಲಿಲ್ಲ. ತಾಯಿ ಮುತ್ಯಾಲಮ್ಮ ಪರೀಕ್ಷೆ ಮಾಡುತ್ತಿದ್ದಾಳೆಂದು ಬೀದಿಯವರು ಹೇಳಿದ್ದಕ್ಕೆ ಸುಮ್ಮನಿದ್ದರಂತೆ. "ನೀವು ಒಂದ್ಸಲ ಮುಟ್ಟಿದ್ರೆ ಸಾಕು ಅಕ್ಕ," ಎಂದ. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡಳು.

ಆಟೋದಲ್ಲಿ ಪಿಳ್ಳಮ್ಮನ ತಲೆ ಅವಳ ತೊಡೆಯ ಮೇಲಿತ್ತು. ಮೈ ಒದ್ದೆ, ತಣ್ಣಗೆ. ನಾಡಿ ಬೆರಳಿಗೆ ಸಿಕ್ಕಿದ್ದು ಮರುಕ್ಷಣ ಸಿಗುತ್ತಿರಲಿಲ್ಲ, ದಾರದ ಹಾಗೆ ಜಾರುತ್ತಿತ್ತು. ಮತ್ತೆ ಊದಿಕೊಂಡಿದ್ದ ಗೆಣ್ಣುಗಳು ರಸ್ತೆಯ ಒಂದೊಂದು ಹಳ್ಳಕ್ಕೂ ನರಳುತ್ತಿದ್ದವು. ಪ್ರಜ್ಞೆ ಇಲ್ಲದವಳ ಬಾಯಿಂದ ನೋವು ತಾನೇ ಮಾತಾಡುತ್ತಿತ್ತು. ದಾರಿಯುದ್ದಕ್ಕೂ ಭಾನುಮತಿ ಮುತ್ಯಾಲಮ್ಮನನ್ನು ನೆನೆದಳು. ಬದುಕಿಸು ಎಂದು ಬೇಡಿದಳು, ಅದರ ಅಡಿಯಲ್ಲಿ, ನಾನು ಮಾಡಿದ್ದನ್ನು ಹೇಳದೆಯೇ ಬದುಕಿಸು ಎಂದು ಬೇಡಿದಳು. ಆ ಎರಡನೆಯ ಬೇಡಿಕೆ ತನಗೇ ಕೇಳಿಸಿ, ಮಡಿಲಲ್ಲಿದ್ದ ತಲೆಯ ಕಡೆ ನೋಡಲಾರದೆ ಹೊರಗೆ ನೋಡಿದಳು. ಮುರಿದ ಯಂತ್ರಗಳ ರಾಶಿಯ ಮೇಲೆ ಬಿಸಿಲು ಬಿದ್ದು ಕಣ್ಣು ಚುಚ್ಚಿತು.

ನರ್ಸಿಂಗ್ ಹೋಮಿನ ಡಾಕ್ಟರು ಉಪೇಂದ್ರ ಇನ್ನೂ ಎಳೆಯರು, ಕಡಿಮೆ ಮಾತಿನವರು. ರಕ್ತದ ಒತ್ತಡ ನೋಡಿದರು, ಮತ್ತೊಮ್ಮೆ ನೋಡಿದರು. ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೇ ಎಂದು ಕೇಳಿದರು. ಗೋಪಾಲಪ್ಪ, "ಯಾವ್ದೂ ಇಲ್ಲ ಸಾರ್," ಎಂದ. ಅವನು ಸುಳ್ಳು ಹೇಳಲಿಲ್ಲ. ಬಿಟ್ಟದ್ದರ ಹೆಸರು ಹೇಳಬಾರದು. ಹೇಳಿದರೆ ಹೆಂಡತಿಯ ಹೊಟ್ಟೆಯಲ್ಲಿರುವುದಕ್ಕೆ ತಟ್ಟುತ್ತದೆ. ಡಾಕ್ಟರು ಭಾನುಮತಿಯ ಕಡೆ, ಅವಳ ಬಿಳಿ ಸೀರೆಯ ಕಡೆ ನೋಡಿದರು. ಅವಳು ಪಿಳ್ಳಮ್ಮನ ಕಾಲಿನ ಮೇಲೆ ಹೊದಿಕೆ ಸರಿಮಾಡಿದಳು. ಸಲೈನು ಇಳಿಯತೊಡಗಿತು. ಹನಿ, ಹನಿ. ಹೇಳಿದರೆ ಕಾರ್ಖಾನೆಗೆ ಸುದ್ದಿ ಹೋಗುತ್ತದೆ, ಡಾಕ್ಟರಿಲ್ಲದೆ ವರ್ಷಕ್ಕೂ ಮಿಕ್ಕಿ ಔಷಧ ಕೊಟ್ಟ ನರ್ಸನ್ನು ಯಾರು ಇಟ್ಟುಕೊಳ್ಳುತ್ತಾರೆ? ಊರಿಗೆ ಹೋಗಿ ಅಪ್ಪನ ಮುಂದೆ ನಿಲ್ಲುವುದು ಹೇಗೆ? ಸಲೈನೇ ಸಾಕಾಗಬಹುದು. ಹನಿ. ಮೂಗಿನ ಸುತ್ತ ಬಣ್ಣ ಬೂದಿಯಾಗುತ್ತಿತ್ತು. ಬಾಟಲಿ ಅರ್ಧಕ್ಕೆ ಇಳಿದಾಗ ಡಾಕ್ಟರು ಮತ್ತೆ ಒತ್ತಡ ನೋಡಿ, ರಬ್ಬರು ಕೊಳವೆಯನ್ನು ಸುತ್ತಿಕೊಳ್ಳುತ್ತ ಹೊರಗೆ ನಡೆದರು. ಒಲೆ ಹತ್ತಿಲ್ಲ, ಎಂದು ಮರಿಯಮ್ಮ ಸಿಸ್ಟರು ಎಲ್ಲೋ ಹೇಳಿದರು. ಮನೆಯಲ್ಲಿ ಇವತ್ತು ಒಲೆ ಹತ್ತಿಲ್ಲ.

ಅವಳು ಕಾರಿಡಾರಿನಲ್ಲಿ ಡಾಕ್ಟರ ಹಿಂದೆ ಓಡಿದಳು. ಪ್ರೆಡ್ನಿಸೋಲೋನ್ ಎಂದಳು. ಒಂದು ವರ್ಷದ ಮೇಲಾಗಿತ್ತು, ಒಮ್ಮೆಗೇ ನಿಂತಿದೆ ಎಂದಳು. ಡಾಕ್ಟರು ಮೊದಲು ಅದೇ ಜಾತಿಯ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ತರುವಂತೆ ಒಳಗೆ ಕೂಗಿ ಹೇಳಿದರು. ಆಮೇಲೆ ತಿರುಗಿದರು.

"ಯಾರು ಕೊಡ್ತಿದ್ದಿದ್ದು?"

"ನಾನು ಸಾರ್."

"ಹೀಗೆ ನಿಲ್ಲಿಸಬಾರದು ಅಂತ ನಿಮಗೆ ಗೊತ್ತಿರಲಿಲ್ವಾ?"

ನೆಲ ಒರೆಸುತ್ತಿದ್ದ ಆಯಾ ಒರೆಸುವುದನ್ನು ನಿಲ್ಲಿಸಿ, ಭಾನುಮತಿಯ ಮುಖವನ್ನು ನಿಧಾನವಾಗಿ ಓದಿದಳು. ಗೊತ್ತಿರಲಿಲ್ಲ ಎಂದರೆ ದಡ್ಡಿಯಾಗಬಹುದಿತ್ತು. ದಡ್ಡತನಕ್ಕೆ ಕ್ಷಮೆ ಉಂಟು. ಡಾಕ್ಟರು ಉತ್ತರಕ್ಕೆ ಕಾಯದೆ ಒಳಗೆ ನಡೆದರು. ಆಯಾ ಒದ್ದೆ ಬಟ್ಟೆಯನ್ನು ಅವಳ ಪಾದದ ಹತ್ತಿರ ತಂದು, "ಕಾಲು ವಸಿ ತೆಗೀರಕ್ಕ," ಎಂದಳು.

ಇಂಜೆಕ್ಷನ್ನು ತನ್ನ ಕೆಲಸ ಮಾಡಿತು. ಹೊತ್ತು ಇಳಿಯುವಾಗ ಪಿಳ್ಳಮ್ಮ ಕಣ್ಣು ಬಿಟ್ಟು, ಸೀತಾ ಉಂಡಳೇ ಎಂದು ಕೇಳಿದಳು. ಮನೆಗೆ ಕಳಿಸುವಾಗ ಡಾಕ್ಟರು ಮಾತ್ರೆ ಬರೆದುಕೊಟ್ಟು, ತಿಂಗಳುಗಟ್ಟಲೆ ಹಿಡಿಯುತ್ತದೆ, ಚೂರು ಚೂರೇ ಕಡಿಮೆ ಮಾಡೋಣ, ಇನ್ನೊಮ್ಮೆ ನಿಂತರೆ ಇಲ್ಲಿಯ ತನಕ ತರುವ ಹೊತ್ತೂ ಇರುವುದಿಲ್ಲ ಎಂದರು. ಕಾರ್ಖಾನೆಗೆ ಅವರು ಏನನ್ನೂ ತಿಳಿಸಲಿಲ್ಲ. ಅದು ಅವಳಿಗೆ ಶಿಕ್ಷೆಗಿಂತ ಭಾರವಾಯಿತು. ಹೊರುವುದಕ್ಕೆ ಒಬ್ಬಳೇ ಉಳಿದಳು.

ಮನೆಯಲ್ಲಿ ಪಿಳ್ಳಮ್ಮ ಬಾಯಿ ತೆರೆಯಲಿಲ್ಲ. ಸೂಜಿಯಲ್ಲಿ ಕೊಟ್ಟದ್ದು ಗ್ಲೂಕೋಸೆಂದು ಮಗ ಹೇಳಿದ್ದನ್ನು ನಂಬಿದ್ದಳು. ಆದರೆ ಮಾತ್ರೆ ಕಂಡ ಕೂಡಲೇ ತುಟಿ ಹೊಲಿದಂತೆ ಮುಚ್ಚಿ ಗೋಡೆಯ ಕಡೆ ತಿರುಗಿದಳು. ಆಡಿದ ಮಾತು ಆಡಿದ್ದೇ ಎಂದಳು. ಗೋಪಾಲಪ್ಪ ಬೇಡಿದ, ಸಿಟ್ಟಾದ, ಕೊನೆಗೆ ಜಗಲಿಯ ಮೇಲೆ ತಲೆ ತಗ್ಗಿಸಿ ಕುಳಿತ. ಸೀತಾ ಅತ್ತೆಯ ಕಾಲೊತ್ತುತ್ತಿದ್ದಳು, ಗಂಜಿ ಕುಡಿಸುತ್ತಿದ್ದಳು, ಮತ್ತು ಮಾತ್ರೆಯ ಮಾತು ಬಂದಾಗಲೆಲ್ಲ ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಅತ್ತೆ ಸಾಯಬಾರದು, ಮಾತು ಮುರಿಯಬಾರದು. ಆ ಹುಡುಗಿಯ ಕಣ್ಣಲ್ಲಿ ಎರಡೂ ಒಟ್ಟಿಗೆ ಇದ್ದವು, ಒಂದು ಇನ್ನೊಂದನ್ನು ನೋಡಲಾರದೆ. ಮರುದಿನ ಸಂಜೆಗೆ ಪಿಳ್ಳಮ್ಮನಿಗೆ ಮತ್ತೆ ಓಕರಿಕೆ ಶುರುವಾಯಿತು.

ಬೆಳಕು ಹರಿಯುತ್ತಲೇ ಭಾನುಮತಿ ತಲೆಗೆ ನೀರು ಹಾಕಿಕೊಂಡು ಮುತ್ಯಾಲಮ್ಮನ ಗುಡಿಗೆ ಹೋದಳು. ಬೇವಿನೆಲೆ ಹಾಕಿ ಇಟ್ಟ ತೀರ್ಥವನ್ನು ಪೂಜಾರಿ ಅವಳ ಗಿಂಡಿಗೆ ಹೊಯ್ದ. ಬೇವು ಕಹಿ, ಮಾತ್ರೆಯೂ ಕಹಿ, ಒಂದರಲ್ಲಿ ಒಂದು ಅಡಗುತ್ತದೆ ಎಂದು ಅವಳು ಲೆಕ್ಕ ಹಾಕಿದ್ದಳು. ತನ್ನ ಮನೆಯಲ್ಲಿ ಬಾಗಿಲು ಮುಚ್ಚಿ, ಎರಡು ಚಮಚದ ನಡುವೆ ಮಾತ್ರೆಯನ್ನು ಇಟ್ಟು ಅರೆಯುವಾಗ, ಅಪ್ಪ ಗರ್ಭಗುಡಿಯಲ್ಲಿ ಕುಳಿತು ಗಂಧ ತೇಯುವ ಸದ್ದು ಕಿವಿಯಲ್ಲಿ ತುಂಬಿತು. ಅದೇ ಸದ್ದು. ಚಿಕ್ಕವಳಿದ್ದಾಗ ಆ ಸದ್ದಿನಲ್ಲಿ ಅವಳಿಗೆ ನಿದ್ದೆ ಬರುತ್ತಿತ್ತು. ತಾಯೀ, ಎಂದಳು, ಮುಂದೆ ಏನು ಕೇಳಬೇಕೆಂದು ತೋಚಲಿಲ್ಲ. ಬಿಳಿಯ ಹುಡಿ ತೀರ್ಥದಲ್ಲಿ ಮೋಡದಂತೆ ತಿರುಗಿ ಕಾಣದಾಯಿತು.

"ತಾಯಿ ತೀರ್ಥ ತಂದಿದ್ದೀನಿ, ದೊಡ್ಡಮ್ಮ."

ಪಿಳ್ಳಮ್ಮ ಕಷ್ಟಪಟ್ಟು ಎದ್ದು ಕುಳಿತಳು. ತಲೆಯ ಮೇಲೆ ಸೆರಗೆಳೆದುಕೊಂಡಳು. ಗೋಡೆಗೆ ತೂಗುಹಾಕಿದ್ದ ಮುತ್ಯಾಲಮ್ಮನ ಪಟಕ್ಕೆ ಕೈಮುಗಿಯಲು ನೋಡಿದಳು, ಅಂಗೈಗಳು ಕೂಡಲಿಲ್ಲ. ಬಲಗೈ ಒಡ್ಡಿದಳು, ಬೆರಳು ಬೋಗುಣಿಯಾಗಲಿಲ್ಲ, ಸಂದಿಯಲ್ಲಿ ಸೋರುತ್ತಿತ್ತು. ಭಾನುಮತಿ ತನ್ನ ಕೈಯನ್ನು ಕೆಳಗೆ ಆನಿಸಿ ಹಿಡಿದಳು. ಎರಡು ಕೈ ಒಂದಾಗಿ ಬಾಯಿಯ ತನಕ ಹೋದವು. ಮುದುಕಿ ತೀರ್ಥವನ್ನು ಹೀರಿದಳು. ಹೀರಿದವಳು ನುಂಗಲಿಲ್ಲ.

ವರ್ಷವಿಡೀ ಆ ಮಾತ್ರೆಯನ್ನು ಅಗಿದು ತಿಂದವಳು ಅವಳು. ಬಾಯಲ್ಲಿ ತುಂಬಿಕೊಂಡೇ ಕಣ್ಣೆತ್ತಿ ಭಾನುಮತಿಯನ್ನು ನೋಡಿದಳು. ಜಗಲಿಯ ಮೇಲೆ ಬಾಯಿ ಬಿಟ್ಟು ಕೇಳಿದ್ದನ್ನು ಈಗ ಬಾಯಿ ಮುಚ್ಚಿ ಕೇಳುತ್ತಿದ್ದಳು. ಬಾಗಿಲಲ್ಲಿ ಸೀತಾ ಗಂಜಿಯ ಲೋಟ ಹಿಡಿದು ನಿಂತಿದ್ದಳು. ಬೇವು ಜಾಸ್ತಿಯಾಗಿದೆ ದೊಡ್ಡಮ್ಮ ಎನ್ನುವ ಮಾತು, ಅರೆದು ಕಲಸಿಟ್ಟ ಹಾಗೆ, ಭಾನುಮತಿಯ ನಾಲಿಗೆಯ ಮೇಲೆ ಸಿದ್ಧವಾಗಿತ್ತು.

"ಅದೇ ಮಾತ್ರೆ," ಎಂದಳು. "ಒಮ್ಮೆಗೇ ಬಿಡಬಾರದು ಅಂತ ಅವತ್ತೂ ನಂಗೆ ಗೊತ್ತಿತ್ತು. ಗೊತ್ತಿದ್ದೂ ಬಿಡಿ ಅಂದೆ. ನುಂಗಿ ದೊಡ್ಡಮ್ಮ. ನುಂಗದಿದ್ರೆ ನೀವು ಉಳಿಯಲ್ಲ."

ಪಿಳ್ಳಮ್ಮನ ಕಣ್ಣು ಸೊಸೆಯ ಕಡೆ ಹೋಯಿತು, ಅವಳ ಮುಖಕ್ಕಲ್ಲ, ಹೊಟ್ಟೆಗೆ, ಅಲ್ಲಿಂದ ಪಟಕ್ಕೆ. ಆಮೇಲೆ ಗಂಟಲು ಒಮ್ಮೆ ಮೇಲೆ ಬಂದು ಕೆಳಗೆ ಇಳಿಯಿತು. ಆ ಸದ್ದು ಕೋಣೆಯಲ್ಲಿ ಮೂವರಿಗೂ ಕೇಳಿಸಿತು. ಸೀತಾ ಲೋಟವನ್ನು ಹೊಸಿಲ ಮೇಲೆ ಇಟ್ಟು ಹೊರಟುಹೋದಳು.

"ಬೇವಿನ ಕಹಿ ಬ್ಯಾರೆ ಕಣೆ ನರ್ಸಮ್ಮ," ಎಂದಳು ಪಿಳ್ಳಮ್ಮ. ಸಿಟ್ಟಿರಲಿಲ್ಲ. "ನಾಳಿಂದ ಬರೀ ಮಾತ್ರೆ ತತ್ತಾ. ಕೂಸಿಗೆ ಅಜ್ಜಿ ಬೇಕೇನೋ, ತಿಂತೀನಿ. ಪಾಪ ನಮ್ಮಿಬ್ರದೇ ಆಗ್ಲಿ. ತಾಯೀನ ಇದ್ರಾಗೆ ಸೇರಿಸ್ಬ್ಯಾಡ," ಎಂದು ಗೋಡೆಯ ಕಡೆ ಹೊರಳಿದಳು.

ಈಗ ಭಾನುಮತಿ ದಿನವೂ ಮುಂಬಾಗಿಲಿನಿಂದಲೇ ಹೊರಡುತ್ತಾಳೆ. ಕೆಲಸಕ್ಕೆ ಹೋಗುವ ಮೊದಲು ಪಿಳ್ಳಮ್ಮನ ಕೋಣೆಗೆ ಹೋಗಿ, ಮೊದಲು ಗೋಡೆಯ ಮೇಲಿನ ಪಟವನ್ನು ಹಿಂದುಮುಂದಾಗಿ ತಿರುಗಿಸುತ್ತಾಳೆ. ಹಾಗೆ ಮಾಡು ಎಂದು ಪಿಳ್ಳಮ್ಮ ಹೇಳಿದ್ದು. ಪಟದ ಬೆನ್ನಿಗೆ ಹಳೆಯ ರಟ್ಟು, ಜೇಡನ ಬಲೆ. ಆ ರಟ್ಟಿನ ಮುಂದೆ ಪಿಳ್ಳಮ್ಮ ಅಂಗೈ ಒಡ್ಡುತ್ತಾಳೆ, ಬೋಗುಣಿಯಾಗಿ ಅಲ್ಲ, ಕೂಲಿಗೆ ಒಡ್ಡುವ ಹಾಗೆ ಚಪ್ಪಟೆಯಾಗಿ. ಅಗಿಯುತ್ತಾಳೆ. ಬೆರಳುಗಳು ಮತ್ತೆ ಸಡಿಲವಾಗುತ್ತಿವೆ. ಅದನ್ನು ಯಾರೂ ಕೈಗುಣ ಎನ್ನುವುದಿಲ್ಲ. ಸೀತಾ ಆ ಹೊತ್ತಿಗೆ ಹಿತ್ತಿಲಿನಲ್ಲಿರುತ್ತಾಳೆ, ನೀರು ಸೇದುವ ನೆವದಲ್ಲಿ. ಅವಳಿಗೆ ದಿನ ತುಂಬುತ್ತಿದೆ. ಭಾನುಮತಿಯನ್ನು ಅಕ್ಕ ಎಂದು ಕರೆಯುವುದನ್ನು ಬಿಟ್ಟಿದ್ದಾಳೆ. ಮುದುಕಿ ಬಾಯಿ ಮುಕ್ಕಳಿಸಿ, ಒರೆಸಿಕೊಂಡು, ಆಯಿತು ಎಂಬಂತೆ ತಲೆಯಾಡಿಸುತ್ತಾಳೆ. ಆಗ ಭಾನುಮತಿ ಪಟವನ್ನು ಮತ್ತೆ ಈ ಕಡೆಗೆ ತಿರುಗಿಸುತ್ತಾಳೆ, ಮೊಳೆಗೆ ಸರಿಯಾಗಿ ಕೂತಿದೆಯೇ ಎಂದು ದಾರವನ್ನಷ್ಟೇ ನೋಡುತ್ತ, ತಾಯಿಯ ಮುಖವನ್ನು ನೋಡದೆ.